ಸೋನಾಪುರದಲ್ಲಿ ಸೋನಾಮುಖಿ

ಚೀಟಿಯ ಒಂದು ಮೈ ಅರಬ್ಬಿ, ಇನ್ನೊಂದು ಇಂಗ್ಲಿಷು,
ಅಕ್ಷರ ಸಾಸಿವೆಗಿಂತ ಸಣ್ಣ.
ಇನ್ನೂರ ಹದಿನಾಲ್ಕನೇ ರೂಮಿನಲ್ಲಿ ಪಿಯುಸಿ ಪಾಸಾದವನು
(ಎರಡನೇ ಸಲಕ್ಕೆ) ನಾನೊಬ್ಬನೇ,
ಹಾಗಾಗಿ ಓದುವ ಕೆಲಸ ನನ್ನದು:
ಕಂಪೆನಿಯ ನೋಟಿಸು, ಬ್ಯಾಂಕಿನ ಮೆಸೇಜು,
ಈ ರಾತ್ರಿ
ದೂಮಣ್ಣನ ಭೇದಿಮದ್ದಿನ ಅಡ್ಡಪರಿಣಾಮ.

"ಮೆಲ್ಲ ಓದು ಮಾರಾಯ" ಎಂದ
ಮೇಲಿನ ಮಂಚದಿಂದ ಕಾಲು ಇಳಿಬಿಟ್ಟು.
ಮೆಲ್ಲ ಓದಿದರೂ ಎಂಟು ಕಿವಿ
ಹೊದಿಕೆಯೊಳಗೇ ನಿಮಿರಿದವು.

ಅವನದು ಅರುವತ್ತು ಮೀಟರ್ ಎತ್ತರದ ಕೆಲಸ, ಟವರ್ ಕ್ರೇನು.
ಏಣಿ ಹತ್ತಲು ಇಪ್ಪತ್ತು ನಿಮಿಷ, ಇಳಿಯಲು ಹದಿನೈದು,
ನಡುವೆ ಇಳಿದರೆ ಫೋರ್‌ಮನ್ನನ ಬಾಯಿ.
ಅದಕ್ಕೆಂದೇ ನೀರು ಕುಡಿಯುವುದನ್ನು ಬಿಟ್ಟ.
ಒಂಬತ್ತು ವರ್ಷ ಹೊಟ್ಟೆ ಬಟ್ಟೆ ಕಟ್ಟಿ ಊರಿಗೆ ಕಳಿಸಿದ,
ಹತ್ತನೆಯದಕ್ಕೆ ಹೊಟ್ಟೆ ನಿಜವಾಗಿಯೇ ಕಟ್ಟಿತು.
ಬೈದದ್ದು, ತಡೆಹಿಡಿದ ಸಂಬಳ, ಕೊಡದ ರಜೆ,
ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡವ.
ಹಾಕಿಕೊಂಡದ್ದು ಹೋಗುವುದೆಲ್ಲಿಗೆ?

ದೇರಾದ ಗಲ್ಲಿಯಲ್ಲಿ ಇರಾನಿ ಮುದುಕ
ಹಸಿರು ಡಬ್ಬಿ ಕೊಟ್ಟು ಹೇಳಿದನಂತೆ:
ಬರೀ ಸೊಪ್ಪು, ಏನೂ ಆಗುವುದಿಲ್ಲ.
ನಮ್ಮ ಅಜ್ಜಿಯ ನೆಲಾವರಿಕೆ, ಪೇಟೆಯವರ ಸೋನಾಮುಖಿ.
ಬಂಗಾರದ ಊರಿಗೆ ಬಂಗಾರದ ಮುಖದವಳು
ಎಂದು ನಾವು ನಕ್ಕಿದ್ದೆವು,
ಅವನು ಕಕ್ಕಸಿನ ಸಾಲಿನಲ್ಲಿ ಬಕೆಟ್ಟು ಹಿಡಿದು ನಿಂತಾಗ.

"ಹೊಟ್ಟೆ ನುಲಿಯಬಹುದು."
"ನುಲಿಯುತ್ತದೆ. ಬಸ್ಸಿನಲ್ಲಿ, ಎರಡನೇ ಸಿಗ್ನಲು ದಾಟಿದ ಕೂಡಲೇ."
"ತಲೆ ಸುತ್ತಬಹುದು."
"ಮೇಲೆ ಕೂತವನಿಗೆ ಸುತ್ತುವುದು ಕ್ರೇನೋ ತಲೆಯೋ
ಯಾರಿಗೆ ಗೊತ್ತು?"
"ಮೂತ್ರ ಕೆಂಪಗಾಗಬಹುದು. ಗಾಬರಿ ಬೇಡ,
ಸೊಪ್ಪಿನ ಬಣ್ಣ, ಬಿಟ್ಟರೆ ಹೋಗುತ್ತದೆ."

ಇಳಿಬಿಟ್ಟ ಕಾಲು ಆಡುವುದು ನಿಂತಿತು.
"ಇನ್ನೊಮ್ಮೆ ಓದು."
ಓದಿದೆ.
"ಅದೊಂದೇ ಸಾಲು."
ಮೂರನೆಯ ಸಲವೂ ಓದಿದೆ.

ಹನ್ನೊಂದು ದಿನದ ಹಿಂದೆ ನೋಡಿದ್ದನಂತೆ.
ಯಾರಿಗೂ ಹೇಳದೆ, ಹೊತ್ತಲ್ಲದ ಹೊತ್ತಿನಲ್ಲಿ
ಹೆಂಡತಿಗೆ ಫೋನು ಮಾಡಿ
ಸೊಸೈಟಿಯ ಪಾಸ್‌ಬುಕ್ಕು ಯಾವ ಟ್ರಂಕಿನಲ್ಲಿದೆ,
ಮಗಳ ಕಾಲೇಜಿಗೆ ಯಾರನ್ನು ಕೇಳಬೇಕು,
ಎಲ್ಲ ಒಪ್ಪಿಸಿದ್ದನಂತೆ.
"ಕುಡಿದಿದ್ದೀರಾ?" ಎಂದಳಂತೆ ಅವಳು.
ನನ್ನ ನಲವತ್ತು ದಿರ್ಹಮಿನ ಸಾಲ
ಮೊನ್ನೆ ಕೇಳದೆಯೇ ತೀರಿಸಿದ್ದ.
ಎಲಾ, ಎಂಥ ಪ್ರಾಮಾಣಿಕ ಎಂದುಕೊಂಡಿದ್ದೆ.

ಈಗ ಮಂಚ ಅಲುಗಾಡುವಷ್ಟು ನಕ್ಕ.
ಅಳುವೂ ಹಾಗೆಯೇ ಅಲುಗಾಡಿಸುತ್ತದೆ,
ನಾನು ಮೇಲೆ ನೋಡಲಿಲ್ಲ.
ಆಮೇಲೆ ಕೈ ಚಾಚಿದ:
"ಹಾಗಾದರೆ ಆ ನಲವತ್ತು ಈಚೆ ಕೊಡು."

ಚೀಟಿ ಮುಗಿದಿರಲಿಲ್ಲ.
ವಾರಕ್ಕಿಂತ ಹೆಚ್ಚು ಸಲ್ಲದು.
ಕರುಳು ತನ್ನ ಕೆಲಸ ತಾನೇ ಮರೆತೀತು.
ರಕ್ತದ ಲವಣ ಇಳಿದು ಕೈಕಾಲು ಸೋತೀತು,
ಎದೆ ತಾಳ ತಪ್ಪೀತು.
ಅವನದು ನಾಲ್ಕು ತಿಂಗಳು.

ಬಲಗೈಯನ್ನು ಮಡಚಿ ಬಿಡಿಸಿ ನೋಡಿದ.
ಲಿವರ್ ಹಿಡಿಯುವ ಕೈ.
ಎರಡು ಟನ್ ಕಂಬಿ ಗಾಳಿಯಲ್ಲಿ ನಿಲ್ಲಿಸುವ ಕೈ.
ಮೂಲೆಯ ಹೊದಿಕೆಯೊಳಗಿಂದ ಮೊಂತು ಅಂದ:
"ದೂಮ, ನಿನ್ನ ಕೊಕ್ಕೆಯ ಅಡಿಯಲ್ಲಿ
ನಾನಿರುತ್ತೇನೆ ಮಾರಾಯ."
ಅದಕ್ಕೆ ಯಾರೂ ನಗಲಿಲ್ಲ.
ಏಸಿ ಮಾತ್ರ ತೊಟ್ಟಿಕ್ಕುತ್ತಿತ್ತು, ಕೆಳಗಿಟ್ಟ ಪೇಂಟಿನ ಡಬ್ಬಕ್ಕೆ.

ವೈದ್ಯರಿಗೆ ತಿಳಿಸಿ ಎಂಬುದು ಕೊನೆಯ ಸಾಲು.
ತಿಳಿಸಲು ಒಂದು ದಿನದ ಸಂಬಳ ಬೇಕು,
ಅದನ್ನು ಚೀಟಿಯವರು ಬರೆದಿರಲಿಲ್ಲ,
ನಾನೂ ಅನುವಾದಿಸಲಿಲ್ಲ.

ಬೆಳಿಗ್ಗೆ ನಾಲ್ಕೂಕಾಲಿನ ಬಸ್ಸಿಗೆ ಹೊರಟಾಗ
ಅವನ ಚೀಲದಲ್ಲಿ ಎರಡು ಬಾಟಲಿ,
ಒಂದು ತುಂಬಿದ್ದು, ಒಂದು ಖಾಲಿ.
ಖಾಲಿಯದು ಯಾಕೆಂದು ಕೇಳುವಷ್ಟು ಪೆದ್ದ
ನಮ್ಮ ರೂಮಿನಲ್ಲಿ ಯಾರೂ ಇಲ್ಲ.
ಹಸಿರು ಡಬ್ಬಿ ಕಿಟಕಿಯ ದಂಡೆಯಲ್ಲೇ ಇತ್ತು,
ಎಸೆದಿರಲಿಲ್ಲ.